ಸರ್ವರ್ ಕ್ಲಸ್ಟರಿನ ಹಂಚಿಕೆಯ ವಾಲ್ಯೂಮ್ ಮತ್ತು ಲೆಕ್ಕಪತ್ರಗಳ ಆಪತ್ಕಾಲದ ರಕ್ಷಣೆ

ಬೆಳೆಗಾರನು ಕಾಫಿಯನ್ನು ವ್ಯಾಪಾರಿಯ ಗೋದಾಮಿನಲ್ಲಿ ಇಳಿಸಿ, ದರವನ್ನು ಮುಂದೆ ನಿಗದಿಪಡಿಸಿಕೊಳ್ಳುವ ಪದ್ಧತಿ ಕಾಫಿ ವ್ಯಾಪಾರದಲ್ಲಿ ಉಂಟು. ವಸ್ತಾರೆ ಹೋಬಳಿಯ ಬೆಳೆಗಾರನೊಬ್ಬನು ಜನವರಿಯಲ್ಲಿ ಇಳಿಸಿದ ಪಾರ್ಚ್‌ಮೆಂಟಿನ ತೂಕ, ಔಟ್‌ಟರ್ನ್, ಪಡೆದ ಮುಂಗಡ ಎಲ್ಲವೂ ಮಳೆಗಾಲದವರೆಗೆ ವ್ಯಾಪಾರಿಯ ಲೆಕ್ಕದಲ್ಲಿಯೇ ನಿಲ್ಲಬಹುದು. ಚೀಲಗಳು ಬೆರೆತ ಮೇಲೆ ಯಾರ ಕಾಫಿ ಎಷ್ಟು ಎಂಬುದಕ್ಕೆ ಆ ದಾಖಲೆಯ ಹೊರತು ಬೇರೆ ಆಧಾರವಿರುವುದಿಲ್ಲ.

ಇಂತಹ ಲೆಕ್ಕವನ್ನು ಎರಡು ಸರ್ವರ್‌ಗಳ ಕ್ಲಸ್ಟರಿನಲ್ಲಿ ಇಟ್ಟರೆ ಭಯವಿಲ್ಲವೆಂಬ ಭಾವನೆ ಸಾಮಾನ್ಯ. ಅದು ಅರ್ಧ ಸತ್ಯ ಮಾತ್ರ. ವಿಂಡೋಸ್ ಸರ್ವರ್ 2008 ಆರ್2ರಲ್ಲಿ ಬಂದ ‘ಕ್ಲಸ್ಟರ್ ಶೇರ್ಡ್ ವಾಲ್ಯೂಮ್’ ವ್ಯವಸ್ಥೆಯಲ್ಲಿ ಎರಡೂ ಸರ್ವರ್‌ಗಳು ಒಂದೇ ಸಂಗ್ರಹವನ್ನು ಏಕಕಾಲಕ್ಕೆ ಬಳಸುತ್ತವೆ. ಒಂದು ಕೆಟ್ಟರೆ ಇನ್ನೊಂದು ಕೆಲಸವನ್ನು ವಹಿಸಿಕೊಳ್ಳುತ್ತದೆ. ಆದರೆ ಡಿಸ್ಕುಗಳ ಪೆಟ್ಟಿಗೆ ಒಂದೇ ಆಗಿದ್ದು, ಅದಿರುವ ಕೊಠಡಿಗೇ ನೀರು ನುಗ್ಗಿದರೆ ಎರಡು ಸರ್ವರ್‌ಗಳಿದ್ದೂ ಪ್ರಯೋಜನವಿಲ್ಲ. ಗುಮಾಸ್ತರು ಇಬ್ಬರಿದ್ದರೂ ಖಾತೆ ಪುಸ್ತಕ ಒಂದೇ ಎಂಬಂತಹ ಸ್ಥಿತಿ ಇದು.

ಆದುದರಿಂದ ಎರಡನೆಯ ಪ್ರತಿ ಬೇರೆ ಊರಿನಲ್ಲಿರಬೇಕು. ವಸ್ತಾರೆಯ ಗೋದಾಮಿನ ಲೆಕ್ಕಕ್ಕೆ ಚಿಕ್ಕಮಗಳೂರಿನ ಪ್ರತಿ ಸಾಲದು. ಎರಡಕ್ಕೂ ಬೀಳುವ ಮಳೆ ಒಂದೇ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದು ಚಾರ್ಮಾಡಿ ಘಾಟಿಯ ಸಂಚಾರವೇ ನಿಂತದ್ದನ್ನು ಸದಸ್ಯರು ಮರೆತಿರಲಾರರು. ಬೆಂಗಳೂರಿನಲ್ಲಿ ಇನ್ನೊಂದು ಸರ್ವರ್ ಇರಿಸಿ, ವಿಂಡೋಸ್ ಸರ್ವರ್ 2016ರಿಂದ ಲಭ್ಯವಿರುವ ‘ಸ್ಟೋರೇಜ್ ರೆಪ್ಲಿಕಾ’ ಮೂಲಕ ವಾಲ್ಯೂಮನ್ನು ಅಲ್ಲಿಗೆ ಪ್ರತಿಮಾಡಬಹುದು. ಎರಡೂ ಕಡೆಯ ದತ್ತಾಂಶ ವಾಲ್ಯೂಮುಗಳ ಗಾತ್ರ ಸಮನಾಗಿರಬೇಕು. ಲಾಗ್‌ಗೆ ಪ್ರತ್ಯೇಕ ವಾಲ್ಯೂಮ್ ಬೇಕು, ಅದು ವೇಗದ ಡಿಸ್ಕಿನಲ್ಲಿದ್ದರೆ ಒಳಿತು. 2019ರ ಆವೃತ್ತಿಯಿಂದ ಅಗ್ಗದ ಸ್ಟ್ಯಾಂಡರ್ಡ್ ಪರವಾನಗಿಯಲ್ಲಿಯೂ 2 ಟಿ.ಬಿ.ವರೆಗಿನ ಒಂದು ವಾಲ್ಯೂಮಿಗೆ ಈ ಸೌಲಭ್ಯವುಂಟು. ಒಂದೇ ಗಣಕಯಂತ್ರದಲ್ಲಿ ಲೆಕ್ಕ ಬರೆಯುವ ಸಣ್ಣ ವ್ಯಾಪಾರಿಗೆ ಇದಾವುದೂ ಬೇಡ. ಪ್ರತಿದಿನದ ಬ್ಯಾಕಪ್ ಊರಾಚೆ ಹೋದರೆ ಸಾಕು.

ಇಲ್ಲಿ ಮಾಲೀಕನೇ ಮಾಡಬೇಕಾದ ನಿರ್ಧಾರವೊಂದಿದೆ; ಅದನ್ನು ತಂತ್ರಜ್ಞನಿಗೆ ಬಿಡುವುದು ತರವಲ್ಲ. ಎರಡೂ ಕಡೆ ಬರೆದಾದ ಮೇಲೆಯೇ ನಮೂದು ಪೂರ್ಣವಾಗುವ ಏಕಕಾಲಿಕ ಕ್ರಮದಲ್ಲಿ ನಷ್ಟವಿಲ್ಲ. ಆದರೆ ಸಂಕೇತವು ಹೋಗಿ ಬರುವ ಸಮಯ ಸರಾಸರಿ 5 ಮಿಲಿಸೆಕೆಂಡು ಮೀರಬಾರದೆಂದು ಮೈಕ್ರೋಸಾಫ್ಟ್ ಸೂಚಿಸುತ್ತದೆ. ಮಲೆನಾಡಿನ ಸಂಪರ್ಕಕ್ಕೆ ಅದು ದುಸ್ಸಾಧ್ಯ. ಉಳಿಯುವುದು ತುಸು ಹಿಂದೆ ನಡೆಯುವ ಪ್ರತಿ. ಎಷ್ಟು ಹಿಂದೆ? ಕೊಯ್ಲಿನ ಕಾಲದಲ್ಲಿ ಐದು ನಿಮಿಷಕ್ಕೊಂದು ತೂಕದ ಚೀಟಿ ಹೊರಡುವುದಾದರೆ, ಕಾಲು ಗಂಟೆಯ ವಿಳಂಬವೆಂದರೆ ಮೂರು ಚೀಟಿಗಳ ನಷ್ಟ. ಚೀಟಿಯ ಕಾಗದದ ಪ್ರತಿಗಳು ಬೇರೆಡೆ ಭದ್ರವಾಗಿದ್ದರೆ ಅವನ್ನು ಮತ್ತೆ ನಮೂದಿಸಬಹುದು. ಇಲ್ಲದಿದ್ದರೆ ಮೂವರು ಬೆಳೆಗಾರರೊಡನೆ ವ್ಯಾಜ್ಯ.

ಪ್ರತಿಮಾಡಿದ ವಾಲ್ಯೂಮನ್ನು ಬ್ಯಾಕಪ್ ಎಂದು ಎಣಿಸಲಾಗದು. ಇಲ್ಲಿ ತಪ್ಪಾಗಿ ಅಳಿಸಿದ ಖಾತೆ ಅಲ್ಲಿಯೂ ಅಳಿಯುತ್ತದೆ. ಕಡತಗಳನ್ನು ಬೀಗಹಾಕುವ ವೈರಸ್ಸಿನ ಹಾವಳಿಯೂ ಅಷ್ಟೇ ನಿಷ್ಠೆಯಿಂದ ಬೆಂಗಳೂರು ತಲುಪುತ್ತದೆ. ಕಾನೂನಿನ ಅಪೇಕ್ಷೆಯೂ ಬೇರೆಯೇ. ಕಂಪನಿಗಳ ಲೆಕ್ಕಪತ್ರ ನಿಯಮಗಳಿಗೆ 2022ರ ಆಗಸ್ಟ್‌ನಲ್ಲಿ ಆದ ತಿದ್ದುಪಡಿಯಂತೆ, ವಿದ್ಯುನ್ಮಾನ ಲೆಕ್ಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರ್‌ನಲ್ಲಿ ದಿನಂಪ್ರತಿ ಇರಬೇಕು. ಕೇಂದ್ರ ಜಿ.ಎಸ್.ಟಿ. ನಿಯಮ 57ರ ಪ್ರಕಾರ ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ದಾಖಲೆ ನಾಶವಾದರೆ ಯುಕ್ತ ಕಾಲಾವಧಿಯಲ್ಲಿ ಮರಳಿ ಪಡೆಯುವಂತಿರಬೇಕು. ಇದು ಕಂಪನಿಯಲ್ಲದ ನೋಂದಾಯಿತ ವ್ಯಾಪಾರಿಗೂ ಅನ್ವಯಿಸುತ್ತದೆ.

ಬೆಂಗಳೂರಿಗೆ ಕೆಲಸವನ್ನು ವರ್ಗಾಯಿಸುವ ಆದೇಶ ಯಾರದು, ಅವರು ಸಿಗದಿದ್ದರೆ ಯಾರದು ಎಂಬುದನ್ನು ಬರೆದಿಡತಕ್ಕದ್ದು. ಪ್ರತಿಯಾಗುತ್ತಿರುವಾಗ ಅಲ್ಲಿಯ ವಾಲ್ಯೂಮನ್ನು ತೆರೆದು ನೋಡಲಾಗದು. ಆದರೆ 2019ರ ಆವೃತ್ತಿಯಿಂದ ಅದರ ತಾತ್ಕಾಲಿಕ ಚಿತ್ರವೊಂದನ್ನು ಪರೀಕ್ಷೆಗಾಗಿ ತೆರೆಯಬಹುದು. ಮುಂಗಾರಿಗೆ ಮುನ್ನ, ಮೇ ತಿಂಗಳಲ್ಲಿ ಅದನ್ನು ತೆರೆದು, ತಾಳೆಪಟ್ಟಿ ಹೊಂದುತ್ತದೆಯೇ ಎಂದು ನೋಡಬೇಕು. ದರ ನಿಗದಿಯಾಗದ ಚೀಲಗಳ ಒಟ್ಟು ಸಂಖ್ಯೆಯನ್ನು ಗೋದಾಮಿನ ಎಣಿಕೆಯೊಡನೆ ಹೋಲಿಸಬೇಕು.