ವಾಸ್ತವವಾದಿ ಯಾರು?

ಮದುವೆಯ ಮಾತುಕತೆಯಲ್ಲಿ ಒಬ್ಬ ಯುವಕ ವರದಕ್ಷಿಣೆ ಬೇಡವೆನ್ನುತ್ತಾನೆ. ಅಂಗಡಿಯಲ್ಲಿ ಒಬ್ಬ ಸುಳ್ಳು ಲೆಕ್ಕ ಬರೆಯಲು ಹಿಂಜರಿಯುತ್ತಾನೆ. ಆಗ ಹಿರಿಯರೊಬ್ಬರು, "ಆದರ್ಶ ಸಾಕು, ಸ್ವಲ್ಪ ವಾಸ್ತವವಾದಿಯಾಗು" ಎಂದು ಬುದ್ಧಿ ಹೇಳುತ್ತಾರೆ. ಲೋಕ ಹೋದಂತೆ ಹೋಗು ಎಂಬುದೇ ಈ ಮಾತಿನ ತಾತ್ಪರ್ಯ. ವಾಸ್ತವವಾದವೆಂದರೆ ಇಷ್ಟೆಯೇ? ಯೋಚಿಸಿ ನೋಡಿ.

ಮೊದಲು ತತ್ವಶಾಸ್ತ್ರಕ್ಕೆ ಬರೋಣ. 1142ರಲ್ಲಿ ನಿಧನರಾದ ಇಮಾಮ್ ಉಮರ್ ನಸಫಿಯವರ ವಿಶ್ವಾಸ ಸಂಗ್ರಹವನ್ನು ಮದ್ರಸಗಳಲ್ಲಿ ಶತಮಾನಗಳಿಂದ ಕಲಿಸಲಾಗುತ್ತಿದೆ. ಅದರ ಆರಂಭದ ಮಾತು ಗಮನಾರ್ಹ. ವಸ್ತುಗಳಿಗೆ ಅವುಗಳದೇ ಆದ ನಿಜಸ್ಥಿತಿಯಿದೆ, ಅದನ್ನು ಅರಿಯಲು ಮನುಷ್ಯನಿಗೆ ಸಾಧ್ಯವಿದೆ ಎಂದು ಅವರು ಆರಂಭದಲ್ಲೇ ಹೇಳುತ್ತಾರೆ. ಇದನ್ನು ನಿರಾಕರಿಸುವ ಸೋಫಿಸ್ಟರ ವಾದವನ್ನು ತಳ್ಳಿಹಾಕುತ್ತಾರೆ. ಸತ್ಯವೆಂಬುದೇ ಇಲ್ಲವಾದರೆ ಈಮಾನ್ ಯಾವುದರ ಮೇಲೆ ನಿಲ್ಲಬೇಕು?

ಹಾಗೆಂದು ಕಂಡದ್ದೆಲ್ಲವೂ ನಿಜವಲ್ಲ. ಕಣ್ಣಿಗೆ ನಕ್ಷತ್ರವು ಒಂದು ದೀನಾರಿನಷ್ಟು ಕಾಣುತ್ತದೆ, ಗಣಿತವೋ ಅದು ಭೂಮಿಗಿಂತ ದೊಡ್ಡದೆಂದು ತೋರಿಸಿಕೊಡುತ್ತದೆ ಎಂದು ಇಮಾಮ್ ಗಝ್ಝಾಲಿ (1058–1111) ಬರೆದರು. ಆದ್ದರಿಂದ ವಾಸ್ತವವಾದಿಯು ತನ್ನ ನೋಟವನ್ನೂ ಪರೀಕ್ಷೆಗೆ ಒಡ್ಡುತ್ತಾನೆ.

ಇನ್ನು ಕಲೆ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' 1984ರಲ್ಲಿ ಪುಸ್ತಕವಾಗಿ ಬಂತು. ತಂದೆಯ ಹಟದಿಂದ ನಾದಿರಾಳ ಸಂಸಾರ ಮುರಿಯುತ್ತದೆ. ಗಂಡನನ್ನು ಮರಳಿ ಸೇರಬೇಕಾದರೆ ಬೇರೊಬ್ಬನೊಡನೆ ಒಂದು ರಾತ್ರಿಯ ಮದುವೆಯಾಗಬೇಕೆಂಬ ಸ್ಥಿತಿ ಬರುತ್ತದೆ. ಕೊನೆಗೆ ಅವಳು ನೀರಿನ ಪಾಲಾಗುತ್ತಾಳೆ. ಸಮುದಾಯದ ಮಾನ ಹೋಯಿತೆಂದು ನೊಂದುಕೊಳ್ಳುವವರಿದ್ದಾರೆ. ಕೃತಿಯ ಎಲ್ಲ ನಿಲುವುಗಳನ್ನೂ ನೀವು ಒಪ್ಪಬೇಕಾಗಿಲ್ಲ. ಆದರೆ ಮಗಳ ಬಾಳಿಗಿಂತ ತನ್ನ ಹಟವೇ ದೊಡ್ಡದೆನ್ನುವ ತಂದೆ ನಮ್ಮ ನಡುವೆ ಇಲ್ಲವೇ? ಮೊದಲೇ ಗೊತ್ತುಪಡಿಸಿ ಮಾಡುವ ಅಂತಹ 'ಹಲಾಲ' ಮದುವೆಯನ್ನು ಪ್ರವಾದಿ(ಸ)ಯವರು ಶಪಿಸಿದ್ದಾರೆಂದು ಹದೀಸ್‌ಗಳಲ್ಲಿದೆ. ಹಾಗಿದ್ದೂ ಅದು ಧರ್ಮದ ಹೆಸರಿನಲ್ಲಿ ನಡೆದಿದ್ದರೆ ನಾಚಬೇಕಾದುದು ಯಾರು, ತೋರಿಸಿದ ಕನ್ನಡಿಯೇ, ನಾವೇ?

ಬದುಕಿನಲ್ಲಿ ವಾಸ್ತವವಾದಕ್ಕೆ ಒಂದು ಉಜ್ವಲ ಮಾದರಿಯಿದೆ. ಹಿಜರಿ 10ರಲ್ಲಿ ಪ್ರವಾದಿ(ಸ)ಯವರ ಎಳೆಯ ಮಗ ಇಬ್ರಾಹೀಮ್ ತೀರಿಕೊಂಡಾಗ ಅವರು ಕಣ್ಣೀರು ಹಾಕಿದರು. ಅಳುವುದು ಕರುಣೆಯೆಂದರು. ಅಲ್ಲಾಹನಿಗೆ ಮೆಚ್ಚುಗೆಯಾಗದ ಒಂದು ಮಾತನ್ನೂ ಆಡಲಿಲ್ಲ. ಅದೇ ದಿನ ಸೂರ್ಯಗ್ರಹಣವಾಯಿತು. ಮಗುವಿನ ಸಾವಿಗೆ ಸೂರ್ಯನೇ ಮಂಕಾದನೆಂದು ಜನ ಹೇಳತೊಡಗಿದರು. ಶೋಕದಲ್ಲಿರುವ ತಂದೆಗೆ ಇದಕ್ಕಿಂತ ಸಾಂತ್ವನದ ಮಾತು ಬೇರೆ ಬೇಕೇ? ಪ್ರವಾದಿ(ಸ)ಯವರು ಸುಮ್ಮನಿದ್ದರೂ ಅವರ ಗೌರವ ಹೆಚ್ಚುತ್ತಿತ್ತು. ಆದರೆ ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರದೇ ಸಾವಿಗಾಗಲಿ ಹುಟ್ಟಿಗಾಗಲಿ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ಅವರು ಸ್ಪಷ್ಟಪಡಿಸಿದರು. ದುಃಖವನ್ನು ಅಲ್ಲಗಳೆಯಲಿಲ್ಲ, ದುಃಖಕ್ಕಾಗಿ ಸತ್ಯವನ್ನು ಬಾಗಿಸಲೂ ಇಲ್ಲ.

ಓದುಗರೇ, ವರದಕ್ಷಿಣೆ ಚಾಲ್ತಿಯಲ್ಲಿದೆ ಎಂಬುದು ವಾಸ್ತವ. ಅದಕ್ಕಾಗಿ ಮನೆ ಅಡವಿಟ್ಟ ತಂದೆಯ ಸಾಲವೂ ವಾಸ್ತವ. ಮಹ್ರ್ ಕೊಡಬೇಕಾದವನು ವರನೆಂಬ ಕುರ್‌ಆನಿನ ಆಜ್ಞೆಯೂ ಅಷ್ಟೇ ವಾಸ್ತವ. ಇವುಗಳಲ್ಲಿ ಮೊದಲನೆಯದನ್ನು ಮಾತ್ರ ನೋಡಿ ಉಳಿದವುಗಳಿಗೆ ಕಣ್ಣು ಮುಚ್ಚುವವನನ್ನು ವಾಸ್ತವವಾದಿ ಎನ್ನಲಾದೀತೇ? ರೋಗವಿದೆಯೆಂದು ಒಪ್ಪುವುದು ಬೇರೆ, ರೋಗಕ್ಕೆ ಶರಣಾಗುವುದು ಬೇರೆ. ಇರುವುದನ್ನು ಇರುವಂತೆ ಕಾಣೋಣ, ಮೊದಲು ನಮ್ಮ ಮನೆಯೊಳಗೆ. ಅದನ್ನು ತಿದ್ದುವ ಕೆಲಸ ಅಲ್ಲಿಂದಲೇ ಆರಂಭವಾಗಲಿ.