ಗೇಮಿಂಗ್ ಲ್ಯಾಪ್‌ಟಾಪು ಕೊಳ್ಳಹೊರಟಿರುವ ಚಿರಂಜೀವಿಗೆ

ಗುತ್ತಲು, ಮಂಡ್ಯ

 

ಎಪ್ಪತ್ತು ಸಾವಿರ ರೂಪಾಯಿಗೆ ಮೀರದಂತೆ, ಆಟಕ್ಕೂ ಓದಿಗೂ ಒದಗತಕ್ಕ ಲ್ಯಾಪ್‌ಟಾಪು ಯಾವುದೆಂದು ನೀನು ಕೇಳಿದ ಪ್ರಶ್ನೆಗೆ ನಿನ್ನೊಬ್ಬನಿಗೇ ಉತ್ತರ ಹೇಳಿ ಮುಗಿಸಬಹುದಾಗಿತ್ತು, ಆದರೆ ಪಿ.ಯು.ಸಿ. ಮುಗಿಸಿ ಪಿ.ಇ.ಎಸ್. ಕಾಲೇಜಿಗೋ ಮೈಸೂರು ಬೆಂಗಳೂರುಗಳಿಗೋ ಇಂಜಿನಿಯರಿಂಗ್ ಓದಲು ಹೊರಡುವ ನಮ್ಮ ಕಡೆಯ ಹುಡುಗರು ವರ್ಷವರ್ಷವೂ ಇದೇ ಪ್ರಶ್ನೆಯನ್ನು ಹೊತ್ತು ಅಂಗಡಿಯಿಂದ ಅಂಗಡಿಗೆ ಅಲೆಯುವುದನ್ನು ಕಾಣುತ್ತಿರುವುದರಿಂದ, ನಾಲ್ವರಿಗೆ ಉಪಯೋಗವಾಗುವುದಾದರೆ ಆಗಲಿ ಎಂದು ಇದನ್ನು ಅಚ್ಚಿಗೆ ಕೊಡುತ್ತಿದ್ದೇನೆ. ಮೊದಲಿಗೇ ಒಂದು ಮಾತು. ಯಂತ್ರವು ವಿದ್ಯಾಭ್ಯಾಸಕ್ಕಾಗಿಯೇ ಬೇಕೆಂದು ನಿನ್ನ ತಂದೆಯ ಮುಂದೆ ವಾದ ಹೂಡಬೇಡ. ಮೊದಲ ವರ್ಷದ ಪ್ರೋಗ್ರಾಮಿಂಗಿಗೆ ಇದರ ಅರ್ಧ ಬೆಲೆಯ ಯಂತ್ರವೇ ಧಾರಾಳವಾಗಿ ಸಾಕು. ಆಟಕ್ಕೆ ಬೇಕೆಂದೇ ಹೇಳು. ಆಟವೇನೂ ಪಾತಕವಲ್ಲ, ನಮ್ಮ ಕಾಲದಲ್ಲಿ ಚೌಕಾಬಾರದ ಮುಂದೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಪಣವೊಡ್ಡಿ ಆಡುವ ಆನ್‌ಲೈನ್ ಜೂಜಿನ ಮಾತು ಬೇರೆ. ಅದನ್ನು ನಿಷೇಧಿಸಿ ಸಂಸತ್ತು 2025ರಲ್ಲಿ ಕಾಯಿದೆಯನ್ನೇ ಮಾಡಿದೆ.

ವಿದ್ಯುತ್ ಮಂಡಳಿಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನಾದುದರಿಂದ, ಯಾವ ಯಂತ್ರವನ್ನು ಕಂಡರೂ ಅದು ಎಷ್ಟು ವ್ಯಾಟು ಎಳೆಯುತ್ತದೆಯೆಂದು ಮೊದಲು ಕೇಳುವುದು ನನ್ನ ಸ್ವಭಾವವೇ ಆಗಿಹೋಗಿದೆ. ನಮ್ಮದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು, ಪಕ್ಕದ ಹಳ್ಳಿಗಳ ಮನೆಗಳನ್ನು ಕತ್ತಲಲ್ಲಿಯೇ ಬಿಟ್ಟು, ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಹರಿದುಹೋಯಿತೆಂಬ ಇತಿಹಾಸವನ್ನು ಬಲ್ಲವರಿಗೆ, ಶಕ್ತಿಯ ಹಂಚಿಕೆಯಲ್ಲಿ ಯಾರ ಪಾಲಿಗೆ ಎಷ್ಟು ಬಂತೆಂದು ಕೇಳುವುದು ಅಭ್ಯಾಸವಾಗಿರುತ್ತದೆ. ಅಂಗಡಿಯಲ್ಲಿ ನೀನು ಕೇಳಬೇಕಾದ ಮುಖ್ಯ ಪ್ರಶ್ನೆಯೂ ಅದೇ.

ಆಟದ ಲ್ಯಾಪ್‌ಟಾಪಿನ ಪ್ರಾಣವಿರುವುದು ಅದರ ಗ್ರಾಫಿಕ್ಸ್ ಚಿಪ್ಪಿನಲ್ಲಿ. ಎನ್‌ವಿಡಿಯಾ ಕಂಪನಿಯವರು ‘ಆರ್‌ಟಿಎಕ್ಸ್ 4050’ ಎಂಬ ಹೆಸರಿನಲ್ಲಿ 2023ರಿಂದ ಲ್ಯಾಪ್‌ಟಾಪುಗಳಿಗೆ ಒದಗಿಸುತ್ತಿರುವ ಚಿಪ್ಪು ಒಂದೇ ಆದರೂ, ಅದಕ್ಕೆ ಎಷ್ಟು ಶಕ್ತಿಯನ್ನು ಉಣಿಸಬೇಕೆಂಬುದನ್ನು ಲ್ಯಾಪ್‌ಟಾಪು ಕಟ್ಟುವವರ ಇಚ್ಛೆಗೆ ಬಿಟ್ಟಿರುವುದರಿಂದ, ಒಂದು ಯಂತ್ರದಲ್ಲಿ ಅದು 35 ವ್ಯಾಟಿನಷ್ಟು ಅಲ್ಪಾಹಾರದಲ್ಲಿಯೂ ಇನ್ನೊಂದರಲ್ಲಿ 115 ವ್ಯಾಟಿನ ಪೂರ್ಣಾಹಾರದಲ್ಲಿಯೂ ದುಡಿಯಬಹುದು. ಹೊರಗಿನ ಚೀಟಿಯಲ್ಲಿ ಎರಡಕ್ಕೂ ಅದೇ ಹೆಸರು, ಆಟದಲ್ಲಿ ಅಜಗಜಾಂತರ. ತೆಳ್ಳಗೆ, ಹಗುರವಾಗಿ, ನೋಡಲು ಸೊಗಸಾಗಿರುವ ಯಂತ್ರಗಳಲ್ಲಿ ಶಾಖವನ್ನು ಹೊರದೂಡಲು ಸ್ಥಳವಿಲ್ಲದ ಕಾರಣ ಅಂಥವುಗಳಿಗೆ ಸಾಮಾನ್ಯವಾಗಿ ಕಡಿಮೆ ವ್ಯಾಟನ್ನೇ ಗೊತ್ತುಮಾಡಿರುತ್ತಾರೆ. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಕೊಂಬಿಗೆ ಬಳಿದ ಬಣ್ಣವನ್ನು ನೋಡದೆ ನೊಗ ಹೂಡಿ ನಡೆಸಿ ನೋಡುವಂತೆ, ನೀನೂ ಕೀಲಿಮಣೆಯ ಕೆಳಗಿನ ಬಣ್ಣದ ದೀಪಗಳಿಗೆ ಮರುಳಾಗದೆ, ‘ಟಿಜಿಪಿ, ಅಂದರೆ ಗ್ರಾಫಿಕ್ಸ್ ಚಿಪ್ಪಿನ ವ್ಯಾಟು, ಎಷ್ಟು?’ ಎಂದು ಕೇಳು. ಮಾರುವವನಿಗೆ ತಿಳಿಯದಿದ್ದರೆ ಆ ಮಾದರಿಯ ತಾಂತ್ರಿಕ ವಿವರಪಟ್ಟಿಯಲ್ಲಿ ಹುಡುಕು. ಅಲ್ಲಿಯೂ ಇಲ್ಲದಿದ್ದರೆ ಆ ಮೌನವನ್ನೇ ಉತ್ತರವೆಂದು ತಿಳಿ.

ಹೆಸರುಗಳ ಮಾಯೆ ಇಷ್ಟಕ್ಕೇ ನಿಲ್ಲುವುದಿಲ್ಲ. ‘ಆರ್‌ಟಿಎಕ್ಸ್ 2050’ ಎಂಬುದು ಹೆಸರಿನಲ್ಲಿ ಹಿಂದಿನ ಪೀಳಿಗೆಯದಾದರೂ ಒಳಗೆ 3050ರ ವಂಶಕ್ಕೇ ಸೇರಿದ್ದು. ಆದರೆ ಅದರ ಸ್ಮೃತಿಯ ಹಾದಿ 64 ಬಿಟ್ ಅಗಲದ್ದು, 4 ಜಿಬಿಯ 3050ರ ಹಾದಿ 128 ಬಿಟ್ಟಿನದು. ಇಂಟೆಲ್‌ನವರ ಹನ್ನೆರಡನೆಯ ಪೀಳಿಗೆಯ ಐ5-12450ಎಚ್ ಮತ್ತು ಹದಿಮೂರನೆಯದೆಂದು ಹೆಚ್ಚು ಬೆಲೆಗೆ ಮಾರುವ ಐ5-13420ಎಚ್ ಇವೆರಡರಲ್ಲಿಯೂ ಇರುವುದು ಅದೇ ಎಂಟು ಕೋರುಗಳು. ವೇಗದಲ್ಲಿ ಕಿಂಚಿತ್ ವ್ಯತ್ಯಾಸ ಮಾತ್ರ. ಎಎಮ್‌ಡಿಯ ರೈಜನ್ 7 7435ಎಚ್‌ಎಸ್ ಎಂಬುದರಲ್ಲಿ ಮೊದಲಂಕಿ ಏಳೆಂದು ಹಿಗ್ಗಬೇಡ. ಆ ಸಾಲಿನ ಹೆಸರುಗಳಲ್ಲಿ ವಿನ್ಯಾಸದ ವಯಸ್ಸನ್ನು ಹೇಳುವುದು ಮೂರನೆಯ ಅಂಕಿ, ಇಲ್ಲಿ ಅದು ಮೂರು, ಅರ್ಥಾತ್ ಹಳೆಯದು. ಹಾಗೆಂದು ಅದು ದುರ್ಬಲವೆಂದಲ್ಲ. ಆಟಕ್ಕೆ ಬೇಕಾದ ಬಲ ಅದರಲ್ಲಿ ಯಥೇಚ್ಛವಾಗಿದೆ. ಆದರೆ ಒಳಗೇ ಅಡಕವಾದ ಚಿಕ್ಕ ಗ್ರಾಫಿಕ್ಸ್ ಅದರಲ್ಲಿಲ್ಲವಾದುದರಿಂದ, ಬರಿಯ ಟಿಪ್ಪಣಿ ಬರೆಯುವಾಗಲೂ ದೊಡ್ಡ ಚಿಪ್ಪೇ ಎಚ್ಚರವಾಗಿದ್ದು ಬ್ಯಾಟರಿಯನ್ನು ಬೇಗ ಬರಿದು ಮಾಡುತ್ತದೆ. ಕಾಲೇಜಿನಲ್ಲಿ ದಿನವಿಡೀ ಚಾರ್ಜರಿಲ್ಲದೆ ಕಳೆಯಬೇಕಾದವನು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು.

ಶಾಖದ ವಿಷಯವನ್ನು ಸ್ವಲ್ಪ ವಿಸ್ತರಿಸಿಯೇ ಹೇಳಬೇಕಾಗಿದೆ, ಏಕೆಂದರೆ ನೀನು ಓದುವ ವಿಮರ್ಶೆಗಳಲ್ಲಿ ಬಹುಪಾಲು ತಂಪು ದೇಶಗಳ ಕೊಠಡಿಗಳಲ್ಲಿಯೋ ಹವಾನಿಯಂತ್ರಿತ ಸ್ಟುಡಿಯೋಗಳಲ್ಲಿಯೋ ಬರೆದವು. ಚೈತ್ರ ವೈಶಾಖಗಳಲ್ಲಿ ಗುತ್ತಲಿನ ಆರ್‌ಸಿಸಿ ಮನೆಯ ಮಹಡಿಯ ಕೋಣೆ ಹೇಗೆ ಕಾಯುತ್ತದೆಂಬುದು ಅವರಿಗೆ ಗೊತ್ತಿಲ್ಲ. ಲ್ಯಾಪ್‌ಟಾಪಿನ ಫ್ಯಾನು ಕೋಣೆಯ ಗಾಳಿಯನ್ನೇ ಒಳಗೆಳೆದು ತಂಪು ಮಾಡಬೇಕಾದುದರಿಂದ, ಹೊರಗಿನ ಉಷ್ಣತೆ ಹತ್ತು ಡಿಗ್ರಿ ಏರಿದರೆ ಒಳಗಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ನೂರು ಡಿಗ್ರಿಯ ಸಮೀಪಕ್ಕೆ ಬಂದೊಡನೆ ಪ್ರೊಸೆಸರು ಆತ್ಮರಕ್ಷಣೆಗಾಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆದಕಾರಣ ಮೊದಲ ಐದು ನಿಮಿಷದ ಓಟವನ್ನು ನೋಡಿ ಮೆಚ್ಚಬೇಡ. ಅಂಗಡಿಯವನು ಒಪ್ಪಿದರೆ ಅರ್ಧ ಗಂಟೆ ಆಟವನ್ನು ನಡೆಸಿ, ಕೊನೆಯ ಹತ್ತು ನಿಮಿಷದಲ್ಲಿ ಚಿತ್ರಗಳ ವೇಗ ಎಷ್ಟು ಉಳಿದಿದೆಯೆಂದು ನೋಡು. ಕಬ್ಬಿನ ತರಗು ಸುಡುವ ದಿನಗಳಲ್ಲಿ ನಮ್ಮ ಕಿಟಕಿಗಳಿಂದ ಬರುವ ಮಸಿ ಮತ್ತು ಧೂಳು ಫ್ಯಾನಿನ ರೆಕ್ಕೆಗಳಲ್ಲಿ ಕೂಡುವುದರಿಂದ ವರ್ಷಕ್ಕೊಮ್ಮೆ ಬಿಚ್ಚಿಸಿ ಶುಚಿ ಮಾಡಿಸುವ ಖರ್ಚನ್ನೂ ಬೆಲೆಯೊಡನೆ ಕೂಡಿಸಿಕೋ. ಗೋಡೆಯ ಸಾಕೆಟ್ಟಿಗೆ ಅರ್ಥಿಂಗ್ ಸರಿಯಾಗಿದೆಯೇ ಎಂದು ಒಬ್ಬ ಎಲೆಕ್ಟ್ರಿಷಿಯನ್ನಿಂದ ಪರೀಕ್ಷೆ ಮಾಡಿಸು. ವಿದ್ಯುತ್ತು ಹೋದಾಗ ಬ್ಯಾಟರಿಯ ಮೇಲೆ ಆಡುತ್ತೇನೆಂದುಕೊಂಡರೆ, ಅದು ಒಂದು ಗಂಟೆಯ ಸುಖ, ಅದೂ ಕುಗ್ಗಿದ ವೇಗದಲ್ಲಿ.

ರ‍್ಯಾಮು ಹದಿನಾರು ಜಿಬಿ ಇರಲಿ. ಎಂಟು ಜಿಬಿಯ ಒಂದೇ ಕಡ್ಡಿಯಿರುವುದಾದರೆ ಎರಡನೆಯ ಸ್ಲಾಟು ಖಾಲಿಯಿದೆಯೆಂದು ಖಚಿತಪಡಿಸಿಕೊಂಡು ಕೊಂಡರೆ ಮುಂದೆ ನೀನೇ ಹಾಕಿಸಬಹುದು. ಪರದೆಯ ಬಗ್ಗೆ 144 ಹರ್ಟ್ಜ್ ಎಂದು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ, 45 ಪ್ರತಿಶತ ಎನ್‌ಟಿಎಸ್‌ಸಿ ಎಂಬ ಮಂಕು ಬಣ್ಣದ ಸಂಗತಿಯನ್ನು ಸಣ್ಣಕ್ಷರದಲ್ಲಿ.

ಹಣದ ವಿಚಾರ. ಬಡ್ಡಿಯಿಲ್ಲದ ಕಂತು ಎಂದು ಕರೆಯುವ ಇ.ಎಮ್.ಐ.ನಲ್ಲಿ ಸಂಸ್ಕರಣಾ ಶುಲ್ಕವೂ, ಬಡ್ಡಿಯ ಅಂಶದ ಮೇಲೆ 18 ಪ್ರತಿಶತ ಜಿ.ಎಸ್.ಟಿ.ಯೂ ಸೇರುವುದುಂಟು. ಅದಕ್ಕಿಂತ ಮುಖ್ಯವಾದ ತೊಡಕೆಂದರೆ, ಕಂತು ತಿಂಗಳು ತಿಂಗಳು ಬರುತ್ತದೆ, ನಿನ್ನ ತಂದೆಗೆ ಕಬ್ಬಿನ ಹಣ ಬರುವುದು ಕಟಾವಾದ ಮೇಲೆ, ಅದೂ ಕಾರ್ಖಾನೆ ಕೊಟ್ಟಾಗ. ವಿದ್ಯುತ್ ಬಿಲ್ಲನ್ನೂ ಮರೆಯಬೇಡ: ಆಟದ ಹೊತ್ತಿನಲ್ಲಿ 130 ವ್ಯಾಟು ಎಳೆಯುವ ಯಂತ್ರವನ್ನು ದಿನಕ್ಕೆ ಮೂರು ಗಂಟೆ ನಡೆಸಿದರೆ ತಿಂಗಳಿಗೆ ಹನ್ನೆರಡು ಯೂನಿಟ್ಟಿನ ಹತ್ತಿರ. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಉಚಿತವು 200 ಯೂನಿಟ್ಟಿನವರೆಗೆಂದು ಎಲ್ಲರೂ ಹೇಳುತ್ತಾರೆ. ವಾಸ್ತವವಾಗಿ ಅದು ಸಾಮಾನ್ಯವಾಗಿ ಮನೆಯ ಹಿಂದಿನ ಸರಾಸರಿಗೆ ಹತ್ತು ಪ್ರತಿಶತ ಸೇರಿಸಿದಷ್ಟಕ್ಕೆ ಮಾತ್ರ. ಸರಾಸರಿ ಎಪ್ಪತ್ತಿರುವ ಮನೆಯಲ್ಲಿ ನಿನ್ನ ಆಟವೊಂದೇ ಆ ಹೆಚ್ಚುವರಿಯನ್ನು ನುಂಗಿ ಬಿಲ್ಲನ್ನು ಹುಟ್ಟಿಸಬಲ್ಲದು.

ಮನೆಯಲ್ಲಿಯೇ ಕುಳಿತು ಆಡುವವನಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇದೇ ಹಣಕ್ಕೆ ಜೋಡಿಸಿಕೊಡುವ ಡೆಸ್ಕ್‌ಟಾಪೇ ಶ್ರೇಷ್ಠ. ನೀನು ಕಾಲೇಜಿಗೆ ಹೊತ್ತೊಯ್ಯಬೇಕಾದವನು, ಆದುದರಿಂದ ನನ್ನ ತೀರ್ಮಾನ ಹೀಗಿದೆ. ವ್ಯಾಲರೆಂಟ್, ಕೌಂಟರ್ ಸ್ಟ್ರೈಕ್, 2015ರಲ್ಲಿ ಕಂಪ್ಯೂಟರಿಗೆ ಬಂದ ಆ ಹಳೆಯ ಜಿಟಿಎ 5, ಇಷ್ಟೇ ನಿನ್ನ ಪ್ರಪಂಚವಾದರೆ 2050 ಚಿಪ್ಪಿನ ಅಗ್ಗದ ಯಂತ್ರವೇ ಸಾಕು, ಉಳಿದ ಹಣವನ್ನು ತಂದೆಗೆ ಹಿಂದಿರುಗಿಸು. ಹೊಸ ಆಟಗಳು ಬೇಕೆಂದಾದರೆ 6 ಜಿಬಿಯ 3050ಕ್ಕೆ ಕಡಿಮೆಯಿಲ್ಲದ, ದಪ್ಪವಾದರೂ ಚಿಂತೆಯಿಲ್ಲದ ಯಂತ್ರವನ್ನು ನೋಡು; ಎಚ್‌ಪಿ ವಿಕ್ಟಸ್, ಲೆನೊವೊ ಲೋಕ್, ಏಸರ್ ನೈಟ್ರೋ, ಆಸೂಸ್ ಟಫ್ ಇವುಗಳಲ್ಲಿ ಯಾವುದಾದರೂ ಆಗಬಹುದು, ಆದರೆ ಒಂದೇ ಹೆಸರಿನ ಕೆಳಗೆ ಹತ್ತು ಬಗೆಯ ಒಳಾಂಗಗಳು ಮಾರಾಟವಾಗುತ್ತವೆ. ಕೆಟ್ಟರೆ ಹೊತ್ತುಕೊಂಡು ಮೈಸೂರಿಗೆ ಓಡಬೇಕಾಗದಂತೆ, ರಿಪೇರಿಯವನೇ ಮನೆಗೆ ಬರುವ ಆನ್‌ಸೈಟ್ ವಾರಂಟಿ ಇರಲಿ. ಹಣ ಕೊಡುವ ಮುನ್ನ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿರುವ ಪೂರ್ಣ ಮಾದರಿ ಸಂಖ್ಯೆಯನ್ನು ಬರೆದುಕೊಂಡು ನನಗೆ ಕಳುಹಿಸು. ಅದರ ವ್ಯಾಟು ಎಷ್ಟೆಂದು ಹುಡುಕಿ ಅಂದೇ ತಿಳಿಸುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ