ಚಿತ್ರಕ್ಕೆ ಹೆಸರು

ಆನೆಯ ಚಿತ್ರ ನೋಡಿ ನಾವು ‘ಆ’ ಕಲಿತೆವು. ಕಂಪ್ಯೂಟರಿಗೂ ಹೀಗೇ ಚಿತ್ರ ತೋರಿಸಿ ಕಲಿಸಿದ ಹೆಂಗಸೊಬ್ಬರಿದ್ದಾರೆ. ಅವರ ಹೆಸರು ಫೇಫೇ ಲೀ.

ಲೀ ಹುಟ್ಟಿದ್ದು 1976ರಲ್ಲಿ, ಚೀನಾ ದೇಶದಲ್ಲಿ. ಹದಿಹರೆಯದಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿನ ಮಾತು ಸರಿಯಾಗಿ ಬಾರದು. ಅಮ್ಮನಿಗೆ ಕಾಯಿಲೆ. ಮನೆಯವರು ಲಾಂಡ್ರಿ ಅಂಗಡಿ ಇಟ್ಟರು. ಲೀ ಕಾಲೇಜು ಓದುತ್ತಲೇ ಅಂಗಡಿಯನ್ನೂ ನೋಡಿಕೊಂಡರು.

ಮುಂದೆ ಅವರು ಕಂಪ್ಯೂಟರ್ ವಿಜ್ಞಾನಿಯಾದರು. ನಮ್ಮ ಮಕ್ಕಳು ಬೆಕ್ಕನ್ನು ನಾಲ್ಕು ಸಲ ನೋಡಿದರೆ ಸಾಕು, ಗುರುತು ಹಿಡೀತಾವೆ. ಕಂಪ್ಯೂಟರಿಗೆ ಅಷ್ಟು ಸಾಲದು. ಅದಕ್ಕೇ ಲೀ ಮತ್ತು ಜೊತೆಯವರು ಒಂದು ಕೋಟಿಗೂ ಮೀರಿ ಚಿತ್ರ ಕೂಡಿಸಿದರು. ಇದು ಬೆಕ್ಕು, ಇದು ಕುದುರೆ ಅಂತ ಗುರುತು ಹಾಕಿಕೊಟ್ಟದ್ದು ಯಂತ್ರವಲ್ಲ, 167 ದೇಶಗಳ ಸಾವಿರಾರು ಜನ. 2012ರ ಪಂದ್ಯದಲ್ಲಿ, ಈ ಚಿತ್ರಗಳಿಂದ ಕಲಿತ ಒಂದು ಕಂಪ್ಯೂಟರ್ ಉಳಿದವಕ್ಕಿಂತ ಬಹಳ ಕಡಿಮೆ ತಪ್ಪು ಮಾಡಿತು.